ಈಗಲೇ ಅಳೆದಿಡಿ: ಕಲಬುರಗಿ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ಶರಣು ಶರಣಾರ್ಥಿ.

ಕಲಬುರಗಿಯಿಂದ ಸೇಡಂ ರಸ್ತೆ ಹಿಡಿದರೆ ವಿಮಾನ ನಿಲ್ದಾಣದ ಆಚೀಚೆ ಸಿಗುವ ಹಳ್ಳಿಗಳಲ್ಲಿ ಒಂದರ ಮಾಸ್ತರ ನಾನು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಾಲ್ಕು ಎಕರೆ ಎರೆ ಹೊಲದಲ್ಲಿ ತೊಗರಿ ಬೆಳೆಯುತ್ತೇನೆ ಎಂದು ಹೇಳಿಕೊಳ್ಳುತ್ತೇನೆ. ಬೆಳೆಯುವವನು ನಮ್ಮಣ್ಣ, ನಾನು ರವಿವಾರ ಬದುವಿನ ಮೇಲೆ ನಿಂತು ಸಲಹೆ ಕೊಡುವವನು. ಈ ಪತ್ರವೂ ಅಂಥದೇ ಒಂದು ಸಲಹೆ ಎಂದು ನೀವು ನಕ್ಕರೆ ನನಗೇನೂ ಬೇಸರವಿಲ್ಲ, ಓದಿ ನಕ್ಕರೆ ಸಾಕು.

ಮೊದಲೇ ಹೇಳಿಬಿಡುತ್ತೇನೆ, ನಾನು ವಿಮಾನ ನಿಲ್ದಾಣದ ವಿರೋಧಿ ಅಲ್ಲ. 2008ರಲ್ಲಿ ಅಡಿಗಲ್ಲು ಬಿತ್ತು, ಕೆಲಸ ನಿಂತಿತು, ಮತ್ತೆ ಶುರುವಾಯಿತು, ಕೊನೆಗೆ 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. ಹನ್ನೊಂದು ವರ್ಷ ಕಾದವರು ನಾವು. ಬೆಂಗಳೂರಿಗೆ ಹೋಗಬೇಕೆಂದರೆ ಒಂದು ರಾತ್ರಿ ರೈಲಿನಲ್ಲಿ ಸೊಂಟ ನೋಯಿಸಿಕೊಳ್ಳುವ ಊರಿಗೆ ವಿಮಾನ ಬಂದಿತೆಂದರೆ ಖುಷಿಯೇ. ಆ ದಿನ ಶಾಲೆಯಲ್ಲಿ ಪಾಠ ನಡೆಯಲಿಲ್ಲ, ಮಕ್ಕಳೆಲ್ಲ ಆಕಾಶದ ಕಡೆ ಕಣ್ಣು ನೆಟ್ಟು ಕೂತಿದ್ದರು. ನಾನೂ ಕೂತಿದ್ದೆ.

ಈಗ ಆಗಾಗ ಇನ್ನೊಂದು ಮಾತು ಏಳುತ್ತಿರುತ್ತದೆ. ನಿಲ್ದಾಣ ದೊಡ್ಡದಾಗಬೇಕು, ದೊಡ್ಡ ವಿಮಾನ ಬರಬೇಕು, ಸರಕು ಸಾಗಣೆ ಬರಬೇಕು, ಸುತ್ತ ಕೈಗಾರಿಕೆ ಬರಬೇಕು. ಚುನಾವಣೆ ಬಂದಾಗ ಈ ಮಾತಿಗೆ ರೆಕ್ಕೆ ಬರುತ್ತದೆ, ಮುಗಿದ ಮೇಲೆ ಇಳಿಯುತ್ತದೆ. ಇವತ್ತಲ್ಲ ನಾಳೆ ಅದು ಕಡತವಾಗಿ ನಿಮ್ಮ ಮೇಜಿಗೆ ಬಂದೇ ಬರುತ್ತದೆ. ಬಂದಾಗ ನಿಮ್ಮ ಕುರ್ಚಿಯಲ್ಲಿ ನೀವೇ ಇರುತ್ತೀರೋ ಇನ್ನೊಬ್ಬರೋ ಹೇಳಲಾಗದು. ಅದಕ್ಕೇ ಈ ಪತ್ರವನ್ನು ಕುರ್ಚಿಗೆ ಬರೆಯುತ್ತಿದ್ದೇನೆ.

ಕೇಳುವುದು ಒಂದೇ. ನಿಲ್ದಾಣ ಇನ್ನೂ ಸಣ್ಣದಿದೆ, ಹಾರಾಟ ಕಡಿಮೆ ಇದೆ, ಹಳ್ಳ ಇನ್ನೂ ಹಳೇ ದಾರಿಯಲ್ಲೇ ಹರಿಯುತ್ತಿದೆ. ಈಗಲೇ ನಮ್ಮ ನೀರು, ನಮ್ಮ ಸದ್ದು, ನಮ್ಮ ಗಾಳಿ, ನಮ್ಮ ಜನ ಎಷ್ಟೆಂದು ಅಳೆದು ಬರೆದಿಡಿ.

ಯಾಕೆ ಈ ಹಟ ಎಂದರೆ, ಒಂದು ಪ್ರಸಂಗ ಹೇಳಬೇಕು. ಕೆಲವು ವರ್ಷಗಳ ಹಿಂದೆ ಪಕ್ಕದ ತಾಲ್ಲೂಕಿನಲ್ಲಿ ಒಂದು ಕಾರ್ಖಾನೆಯ ವಿಸ್ತರಣೆಗೆ ಸಾರ್ವಜನಿಕ ಆಲಿಕೆ ನಡೆದಿತ್ತು. ಯಾವ ಕಾರ್ಖಾನೆ ಎಂಬುದು ಬೇಡ. ನಮ್ಮ ಬೀಗರ ಊರು, ಹಾಗಾಗಿ ನಾನೂ ಹೋಗಿದ್ದೆ. ಶಾಮಿಯಾನ, ಪ್ಲಾಸ್ಟಿಕ್ ಕುರ್ಚಿ, ಮುಂದಿನ ಸಾಲಿನಲ್ಲಿ ಇಸ್ತ್ರಿ ಅಂಗಿಗಳು. ಒಬ್ಬ ಮುತ್ಯಾ ಎದ್ದು ನಿಂತು, ಕಾರ್ಖಾನೆ ಬಂದ ಮೇಲೆ ನನ್ನ ಬಾವಿ ಬತ್ತಿತು ಎಂದ. ಮೇಜಿನ ಆಚೆಯಿಂದ ಒಬ್ಬರು ಬಹಳ ಸಮಾಧಾನವಾಗಿ ಕೇಳಿದರು: ಮೊದಲು ಎಷ್ಟು ನೀರಿತ್ತು? ದಾಖಲೆ ಇದೆಯಾ? ಮುತ್ಯಾ ಸ್ವಲ್ಪ ಹೊತ್ತು ಮೈಕ್ ಹಿಡಿದು ಸುಮ್ಮನೆ ನಿಂತ. ಆಮೇಲೆ, "ನೀರ ಇತ್ರಿ ಸಾಹೇಬ್ರ. ಇದ್ದ ನೀರಿಗಿ ಯಾರ ದಾಖಲಿ ಇಡ್ತಾರ್ರಿ? ಹ್ವಾದ ಮ್ಯಾಲೇ ಲೆಕ್ಕಾ ನೆನಪಾಗತದ" ಎಂದು ಕೂತುಬಿಟ್ಟ. ಜನ ಚಪ್ಪಾಳೆ ತಟ್ಟಿದರು. ನಡಾವಳಿಯಲ್ಲಿ ಮಾತ್ರ ಆ ಬಾವಿ ಪುರಾವೆ ಇಲ್ಲದ ಬಾವಿಯಾಗಿ ಉಳಿಯಿತು.

ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಹುಳ. ತಕರಾರು ಮಾಡುವವನ ಕೈಯಲ್ಲಿ ಹಳೇ ಅಳತೆ ಇಲ್ಲದಿದ್ದರೆ ಅವನ ಮಾತು ಬರೀ ಗೋಳು.

ಪರಿಸರ ಪರಿಣಾಮ ಅಂದಾಜಿನ ಕಾನೂನು ನಿಮಗೆ ನಾನು ಹೇಳಿಕೊಡಬೇಕಿಲ್ಲ. ಆದರೆ ಈ ಪತ್ರ ಓದುವ ಊರವರಿಗೆ ಎರಡು ಮಾತು. 2006ರ ಸೆಪ್ಟೆಂಬರ್ 14ರ ಅಧಿಸೂಚನೆಯ ಪ್ರಕಾರ ವಿಮಾನ ನಿಲ್ದಾಣ 'ಎ' ವರ್ಗದ ಯೋಜನೆ. ಅಂದರೆ ಪರಿಸರದ ಒಪ್ಪಿಗೆ ಸಿಗುವುದು ಬೆಂಗಳೂರಿನಲ್ಲಿ ಅಲ್ಲ, ದಿಲ್ಲಿಯಲ್ಲಿ. ಅಲ್ಲಿ ಕೂತ ತಜ್ಞರ ಸಮಿತಿ ನಮ್ಮ ಹಳ್ಳ ನೋಡಿರುವುದಿಲ್ಲ, ಪರಿಣಾಮ ಅಂದಾಜಿನ ವರದಿ ನೋಡಿರುತ್ತದೆ. ಆ ವರದಿಯನ್ನು ಬರೆಸುವವರು ಯೋಜನೆ ಮಾಡುವವರೇ, ಬರೆಯುವ ಸಂಸ್ಥೆಗೆ ರೊಕ್ಕ ಕೊಡುವವರೂ ಅವರೇ. ವರನ ಕಡೆಯವರೇ ವರನ ಗುಣ ವಿಚಾರಿಸಿ ಬಂದು ಹೇಳಿದ ಹಾಗೆ. ಅವರು ಸುಳ್ಳು ಹೇಳುತ್ತಾರೆ ಎಂದು ನಾನು ಅನ್ನುತ್ತಿಲ್ಲ. ವಿಚಾರಿಸದೆ ಬಿಟ್ಟಿದ್ದನ್ನು ಯಾರೂ ಕೇಳುವುದಿಲ್ಲ ಎಂದಷ್ಟೇ ಅನ್ನುತ್ತಿದ್ದೇನೆ.

ಮುಖ್ಯವಾದ ತೊಡಕು ಋತುವಿನದು. ಇಂಥ ವರದಿಗೆ ಸಾಮಾನ್ಯವಾಗಿ ಒಂದು ಋತುವಿನ ಅಳತೆ ಸಾಕು, ಆ ಋತು ಮಳೆಗಾಲ ಆಗಿರಬಾರದು. ಗಾಳಿಯ ಧೂಳು ಅಳೆಯಲು ಇದು ಸರಿ, ಮಳೆ ಬಂದರೆ ಧೂಳು ಕೂತುಬಿಡುತ್ತದಲ್ಲ. ಆದರೆ ಎರೆ ನಾಡಿನಲ್ಲಿ ನೀರಿನ ಕಥೆ ನಡೆಯುವುದೇ ಮಳೆಗಾಲದಲ್ಲಿ. ಮಾರ್ಚ್ ತಿಂಗಳಲ್ಲಿ ಯಂತ್ರ ಹಿಡಿದು ಬಂದವರಿಗೆ ನಮ್ಮ ಹೊಲ ಬಿರುಕು ಬಿಟ್ಟ ಒಣ ನೆಲ, ಹಳ್ಳ ಒಂದು ಕಲ್ಲಿನ ಗೆರೆ. 'ಯೋಜನಾ ಪ್ರದೇಶದಲ್ಲಿ ನಿರಂತರ ಹರಿವಿನ ತೊರೆಗಳಿಲ್ಲ' ಎಂದು ಬರೆದುಕೊಂಡು ಹೋಗುತ್ತಾರೆ. ಅಕ್ಷರಶಃ ನಿಜ. ಸೆಪ್ಟೆಂಬರ್‌ನಲ್ಲಿ ಬಂದು ನೋಡಿದರೆ ಅದೇ ಕಲ್ಲಿನ ಗೆರೆಯಲ್ಲಿ ಎತ್ತು ದಾಟುವುದಿಲ್ಲ.

ಎರೆ ಮಣ್ಣಿನ ಸ್ವಭಾವ ಬೇರೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ. ಮೊದಲ ಮಳೆಯನ್ನು ಆ ಬಿರುಕಿನಲ್ಲಿ ಗಟಗಟ ಕುಡಿಯುತ್ತದೆ. ಕುಡಿದು ಉಬ್ಬಿ ಬಾಯಿ ಮುಚ್ಚಿಕೊಂಡ ಮೇಲೆ ಒಂದು ಹನಿಯೂ ಸುಲಭಕ್ಕೆ ಕೆಳಗಿಳಿಯುವುದಿಲ್ಲ, ಬಿದ್ದದ್ದೆಲ್ಲ ಮೇಲೆಯೇ ಹರಿಯುತ್ತದೆ ಅಥವಾ ನಿಲ್ಲುತ್ತದೆ. ತೊಗರಿಗೆ ಬರ ತಡೆಯುವ ತಾಕತ್ತಿದೆ, ನಿಂತ ನೀರು ತಡೆಯುವ ತಾಕತ್ತಿಲ್ಲ. ಬುಡದಲ್ಲಿ ಎರಡು ಮೂರು ದಿನ ನೀರು ನಿಂತರೆ ಗಿಡ ಹಳದಿಯಾಗುತ್ತದೆ, ಬೇರು ಉಸಿರು ಕಟ್ಟಿ ಸಾಯುತ್ತದೆ.

ಈಗ ಒಂದು ಲೆಕ್ಕ ನೋಡಿ. ಇದನ್ನು ಒಂಬತ್ತನೇ ತರಗತಿಯವರಿಂದ ಮಾಡಿಸಿದೆ, ತಪ್ಪಿದ್ದರೆ ತಿದ್ದಿ. ನಮ್ಮ ರನ್‌ವೇ 3,175 ಮೀಟರ್ ಉದ್ದ, 45 ಮೀಟರ್ ಅಗಲ. ಅದರ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 14 ಲಕ್ಷ ಲೀಟರಿಗೂ ಹೆಚ್ಚು ನೀರು. ಒಂದು ದಿನಕ್ಕೆ ಐದು ಸೆಂಟಿಮೀಟರ್ ಸುರಿಯಿತು ಎನ್ನಿ, 71 ಲಕ್ಷ ಲೀಟರ್. ಐದು ಸಾವಿರ ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರ್‌ನಲ್ಲಿ ತುಂಬಿದರೆ 1,400ಕ್ಕೂ ಹೆಚ್ಚು ಟ್ಯಾಂಕರ್. ಇದು ಬರೀ ರನ್‌ವೇ. ಟ್ಯಾಕ್ಸಿವೇ, ಏಪ್ರನ್ (ವಿಮಾನ ನಿಲ್ಲುವ ಅಂಗಳ), ಕಟ್ಟಡ, ವಾಹನ ನಿಲ್ಲಿಸುವ ಜಾಗ ಇದರಲ್ಲಿ ಸೇರಿಲ್ಲ. ಹೊಲ ಆಗಿದ್ದಾಗ ಇದೇ ನೀರಿನಲ್ಲಿ ಒಂದಷ್ಟು ಭೂಮಿಗೆ ಇಳಿದು, ಒಂದಷ್ಟು ಒಡ್ಡಿನಲ್ಲಿ ತಂಗುತ್ತಾ ನಿಧಾನಕ್ಕೆ ಹಳ್ಳ ಸೇರುತ್ತಿತ್ತು. ಡಾಂಬರಿನ ಮೇಲೆ ಬಿದ್ದದ್ದು ಒಟ್ಟಿಗೇ ಹೊರಡುತ್ತದೆ. ಕಾಲುವೆ ಕಟ್ಟಿ ಹರಿಸುತ್ತಾರೆ ಎನ್ನಬಹುದು. ಹರಿಸುತ್ತಾರೆ, ಬೇಲಿಯ ಗೋಡೆಯವರೆಗೆ. ಗೋಡೆ ದಾಟಿದ ಮೇಲೆ ಅದು ಯಾರ ಹೊಲದ ನೀರು?

ಇದು ನನ್ನ ಕಲ್ಪನೆಯ ಭಯವಲ್ಲ. ನಮ್ಮ ಹೊಲದ ತಲೆಯ ಮೇಲೆ ಒಂದು ರಸ್ತೆ ಅಗಲವಾಯಿತು. ಹಳೇ ಕಲ್ಲಿನ ಮೋರಿ ತೆಗೆದು ಪೈಪು ಹಾಕಿದರು. ಮೋರಿಗೆ ಇದ್ದ ಬಾಯಿ ಪೈಪಿಗೆ ಇರಲಿಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿ ಜಿಲ್ಲೆಯೆಲ್ಲ ನೀರಾಗಿದ್ದು ನಿಮ್ಮ ಕಚೇರಿಯ ಕಡತದಲ್ಲಿದೆ. ಆ ಮಳೆಯಲ್ಲಿ ನಮ್ಮ ಕಡೆ ಯಾವ ನದಿಯೂ ಉಕ್ಕಲಿಲ್ಲ, ಆದರೂ ಒಂದೂವರೆ ಎಕರೆ ತೊಗರಿ ಆರು ದಿನ ನೀರಲ್ಲಿ ನಿಂತಿತು. ಅಣ್ಣ ಏನೂ ಅನ್ನಲಿಲ್ಲ. ಆ ವರ್ಷದ ಎಳ್ಳ ಅಮಾಸಿಗೆ ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಆ ತುಂಡಿನ ಕಡೆ ತಿರುಗಲಿಲ್ಲ, ಅಷ್ಟೇ. ಗುತ್ತಿಗೆದಾರರನ್ನು ಕೇಳಿದರೆ ಅವರೂ ಅದೇ ಪ್ರಶ್ನೆ ಕೇಳಿದರು, ಮೊದಲು ನೀರು ನಿಲ್ಲುತ್ತಿರಲಿಲ್ಲ ಎಂಬುದಕ್ಕೆ ಏನಿದೆ? ಒಂದು ಪೈಪಿಗೇ ಈ ಗತಿಯಾದರೆ ಮೂರು ಕಿಲೋಮೀಟರ್ ಡಾಂಬರಿಗೆ ಪುರಾವೆ ಕೇಳಿದಾಗ ನಾವು ಏನು ತೋರಿಸಬೇಕು?

ಅದಕ್ಕೇ ಒಂದು ಪೂರ್ತಿ ವರ್ಷ, ಮಳೆಗಾಲ ಸೇರಿಸಿ, ನಿಲ್ದಾಣದ ಸುತ್ತಿನ ಹಳ್ಳಗಳ ಹರಿವು ಮತ್ತು ಬಾವಿ, ಬೋರ್‌ವೆಲ್‌ಗಳ ಮಟ್ಟ ಅಳೆಸಿ. ಇದಕ್ಕೆ ದಿಲ್ಲಿಯ ಅಪ್ಪಣೆ ಬೇಡ. ಅಂತರ್ಜಲ, ಸಣ್ಣ ನೀರಾವರಿ, ಕೃಷಿ, ಎಲ್ಲ ಇಲಾಖೆಗಳೂ ನಿಮ್ಮ ಸಭೆಗೆ ಬರುತ್ತವೆ. ಗ್ರಾಮ ಪಂಚಾಯಿತಿ ಮಟ್ಟದವರೆಗೆ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಳೆ ಮಾಪಕಗಳಿವೆ. ಯಂತ್ರ ಇದೆ, ಸಿಬ್ಬಂದಿ ಇದ್ದಾರೆ. ಒಂದು ಸುತ್ತೋಲೆ ಹೊರಟರೆ ಸಾಕು.

ಮಣ್ಣಿನ ಇನ್ನೊಂದು ಮಾತು. ಎರೆ ಮಣ್ಣಿನ ಮೇಲೆ ರನ್‌ವೇ ನಿಲ್ಲುವುದಿಲ್ಲ, ಉಬ್ಬಿ ಕುಗ್ಗಿ ಒಡೆಯುತ್ತದೆ. ಅದನ್ನು ಅಗೆದು ತೆಗೆದು ಮೊರಂ (ಗರಸು ಮಣ್ಣು) ತುಂಬಬೇಕು. ಆ ಮೊರಂ ಆಕಾಶದಿಂದ ಬರುವುದಿಲ್ಲ, ಯಾವುದೋ ಊರಿನ ಗುಡ್ಡದಿಂದ, ಗಾಯರಾಣದಿಂದ ಬರುತ್ತದೆ. ದನ ಮೇಯುವ ಜಾಗದಲ್ಲಿ ಬಾವಿಯಷ್ಟು ಗುಂಡಿ ಬಿಟ್ಟು ಟಿಪ್ಪರ್‌ಗಳು ಹೋಗುತ್ತವೆ, ಮಳೆಗಾಲದಲ್ಲಿ ಆ ಗುಂಡಿಯಲ್ಲಿ ಈಜಲು ಹೋದ ಹುಡುಗರ ಸುದ್ದಿ ಪತ್ರಿಕೆಯಲ್ಲಿ ಓದುತ್ತೇವೆ. ಯಾವ ಸರ್ವೆ ನಂಬರಿನಿಂದ ಎಷ್ಟು ಮೊರಂ, ತೆಗೆದ ಎರೆ ಮಣ್ಣು ಎಲ್ಲಿಗೆ, ಗುಂಡಿ ಮುಚ್ಚುವವರು ಯಾರು, ಇದೂ ವಿಸ್ತರಣೆಯ ಪರಿಣಾಮವೇ. ವರದಿಯಲ್ಲಿ ನಿಲ್ದಾಣದ ಗೋಡೆಯ ಒಳಗಿನದನ್ನಷ್ಟೇ ಬರೆದರೆ ಇದು ಎಲ್ಲೂ ಬರುವುದಿಲ್ಲ.

ಇನ್ನು ಸದ್ದು.

ನಾವು ಬೇಸಿಗೆಯಲ್ಲಿ ಮನೆಯೊಳಗೆ ಮಲಗುವ ಜನ ಅಲ್ಲ ಎಂಬುದು ನಿಮಗೆ ಇಲ್ಲಿಗೆ ಬಂದ ಮೊದಲ ಏಪ್ರಿಲ್‌ನಲ್ಲೇ ತಿಳಿದಿರುತ್ತದೆ. ಹಗಲು 43, 44 ಡಿಗ್ರಿ ಕಾದ ಕಲ್ಲಿನ ಮನೆ ರಾತ್ರಿ ಹನ್ನೆರಡಾದರೂ ಬಿಸಿ ಉಗುಳುತ್ತಿರುತ್ತದೆ. ಮಾಳಿಗೆ ಮೇಲೆ, ಅಂಗಳದಲ್ಲಿ ಹೊರಸು ಹಾಕಿ ಮಲಗುತ್ತೇವೆ. ವಿಮಾನ ನಿಲ್ದಾಣದ ಸದ್ದಿಗೆ ಬೇರೆ ದೇಶಗಳಲ್ಲಿ ಕೊಡುವ ದೊಡ್ಡ ಪರಿಹಾರ ಕಿಟಕಿಗೆ ಎರಡು ಪದರದ ಗಾಜು. ಮಾಳಿಗೆಗೆ ಯಾವ ಗಾಜು ಹಾಕುತ್ತೀರಿ?

ಅಂಕಿ ಕೇಳಿ. 2000ದ ಶಬ್ದ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ವಿಮಾನ ನಿಲ್ದಾಣದ ಶಬ್ದ ವಲಯಕ್ಕೆ 2018ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಬೇರೆಯೇ ಮಿತಿ ಹಾಕಿತು: ವರ್ಷಕ್ಕೆ 50 ಸಾವಿರಕ್ಕಿಂತ ಹೆಚ್ಚು ಹಾರಾಟದ ನಿಲ್ದಾಣಗಳಿಗೆ ಹಗಲು 70, ರಾತ್ರಿ 65, ಉಳಿದವಕ್ಕೆ 65 ಮತ್ತು 60. ಅಂದರೆ ನಾಳೆ ನಮ್ಮ ಊರು ಆ ವಲಯದ ಗೆರೆಯೊಳಗೆ ಬಿದ್ದರೆ ನಿನ್ನೆಯವರೆಗೆ 45ಕ್ಕೆ ಹಕ್ಕುದಾರನಾಗಿದ್ದ ನನ್ನ ರಾತ್ರಿ 60ಕ್ಕೆ ಒಪ್ಪಿಕೊಳ್ಳಬೇಕು. ಡೆಸಿಬೆಲ್ ಲೆಕ್ಕ ಸರಳ ಕೂಡಿಸುವಿಕೆ ಅಲ್ಲ, ಪ್ರತಿ ಹತ್ತಕ್ಕೂ ಸದ್ದಿನ ಶಕ್ತಿ ಹತ್ತು ಪಟ್ಟು. 45ರಿಂದ 60ಕ್ಕೆ ಹೋಗುವುದೆಂದರೆ ಮೂವತ್ತು ಪಟ್ಟಿಗೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ ಅದೇ 2018ರಲ್ಲಿ ವಿಮಾನದ ಸದ್ದು ರಾತ್ರಿ 40 ಡೆಸಿಬೆಲ್ ಮೀರಬಾರದು ಎಂದು ಶಿಫಾರಸು ಮಾಡಿತ್ತು. ಅಲ್ಲಿಯ ಜನ ಛಾವಣಿ ಕೆಳಗೆ ಕಿಟಕಿ ಮುಚ್ಚಿ ಮಲಗುವವರು ಎಂಬುದನ್ನು ಮರೆಯಬಾರದು.

ಮೇಲಾಗಿ ಈ ಮಿತಿಗಳೆಲ್ಲ ಸರಾಸರಿ. ಒಂದು ವಿಮಾನ ತಲೆಯ ಮೇಲೆ ಹೋದ ಅರ್ಧ ನಿಮಿಷವನ್ನು ರಾತ್ರಿಯ ಎಂಟು ಗಂಟೆಗೆ ಹಂಚಿದರೆ ಸಂಖ್ಯೆ ಸಾಧು ಕಾಣುತ್ತದೆ. ತೊಟ್ಟಿಲಲ್ಲಿ ಎಚ್ಚರಾದ ಕೂಸು ಸರಾಸರಿ ಅಳುವುದಿಲ್ಲ. ಆದ್ದರಿಂದ ಪ್ರತಿ ಹಾರಾಟದ ಗರಿಷ್ಠ ಸದ್ದೂ ವರದಿಯಲ್ಲಿ ಬರಬೇಕು, ಅಳೆಯುವ ಯಂತ್ರ ಪಂಚಾಯಿತಿ ಕಟ್ಟಡದ ಗೋಡೆಗೆ ಅಲ್ಲ, ಏಪ್ರಿಲ್ ರಾತ್ರಿ ಮಾಳಿಗೆ ಮೇಲೆ ಇರಬೇಕು.

ಮಾಸ್ತರನಾಗಿ ಇನ್ನೊಂದು. ಲಂಡನ್, ಆಮ್‌ಸ್ಟರ್‌ಡ್ಯಾಮ್, ಮ್ಯಾಡ್ರಿಡ್ ವಿಮಾನ ನಿಲ್ದಾಣಗಳ ಸುತ್ತಿನ 89 ಶಾಲೆಗಳ 2,800ಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ವಿಮಾನದ ಸದ್ದು ಹೆಚ್ಚಿದಷ್ಟೂ ಮಕ್ಕಳ ಓದಿ ಗ್ರಹಿಸುವ ಶಕ್ತಿ ಕುಗ್ಗುವುದು ಅದರಲ್ಲಿ ಕಂಡಿತು. ಅದಕ್ಕಿಂತ ನನಗೆ ಹಿಡಿಸಿದ್ದು ಜರ್ಮನಿಯ ಮ್ಯೂನಿಕ್ ಕಥೆ. 1992ರಲ್ಲಿ ಅಲ್ಲಿ ಹಳೇ ನಿಲ್ದಾಣ ಮುಚ್ಚಿ ಬೇರೆ ಕಡೆ ಹೊಸದು ತೆರೆದರು. ಸಂಶೋಧಕರು ಜಾಣರು, ಸ್ಥಳಾಂತರಕ್ಕೆ ಮೊದಲೇ ಎರಡೂ ಕಡೆಯ ಮಕ್ಕಳನ್ನು ಪರೀಕ್ಷಿಸಿ ಇಟ್ಟಿದ್ದರು. ಆಮೇಲೆ ಮತ್ತೆ ಪರೀಕ್ಷಿಸಿದಾಗ ಹೊಸ ನಿಲ್ದಾಣದ ಪಕ್ಕದ ಮಕ್ಕಳ ನೆನಪು, ಓದು ಕುಂದಿತ್ತು; ಹಳೆಯದರ ಪಕ್ಕದವರದು ಸುಧಾರಿಸಿತ್ತು. ಮೊದಲೇ ಅಳೆದಿಟ್ಟಿದ್ದರಿಂದಲೇ ಅದು ಗೊತ್ತಾಯಿತು. ನಮ್ಮ ಎಸ್ಸೆಸ್ಸೆಲ್ಸಿ ಫಲಿತಾಂಶ ಕೆಳಗೆ ಬಂದರೆ ಕಾರಣಕ್ಕೆ ಮಾಸ್ತರರು ಮೊದಲೇ ಸಿದ್ಧರಿರುತ್ತೇವೆ, ಆ ಮಾತು ಬೇರೆ.

ಇಲ್ಲೊಂದು ವಿಷಯ ಕಲಬುರಗಿಗೇ ವಿಶೇಷ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಪೈಲಟ್ ತರಬೇತಿ ಶಾಲೆಗಳಿಗೆಂದು ಆರಿಸಿದ ಐದು ನಿಲ್ದಾಣಗಳಲ್ಲಿ ಬೆಳಗಾವಿ, ಜಲಗಾಂವ್, ಖಜುರಾಹೊ, ಲೀಲಾಬರಿ ಜೊತೆಗೆ ನಮ್ಮದೂ ಒಂದು. ಪ್ರಯಾಣಿಕರ ವಿಮಾನ ಬಂದು ಹೋಗುತ್ತದೆ, ತರಬೇತಿ ವಿಮಾನ ಹಾಗಲ್ಲ, ಒಂದೇ ಚಕ್ಕರ್ ಮತ್ತೆ ಮತ್ತೆ ಹೊಡೆಯುತ್ತದೆ. ಚಕ್ರ ನೆಲಕ್ಕೆ ತಾಗಿಸಿ ಹಾಗೇ ಮೇಲೇರುತ್ತದೆ. ನಮ್ಮ ಹುಡುಗರು ಅದಕ್ಕೆ 'ಮುಟ್ಟಾಟ' ಎಂದು ಹೆಸರಿಟ್ಟಿದ್ದಾರೆ. ಕಲಿಯುವ ಮಕ್ಕಳು ಕಲಿಯಲಿ, ನಾನೂ ಕಲಿಸುವವನೇ. ಆದರೆ ವಿಸ್ತರಣೆಯ ವರದಿಯಲ್ಲಿ ವೇಳಾಪಟ್ಟಿಯ ವಿಮಾನಗಳನ್ನಷ್ಟೇ ಎಣಿಸಿದರೆ ನಮ್ಮ ತಲೆ ಮೇಲೆ ನಿಜವಾಗಿ ಹಾರುವುದರ ಲೆಕ್ಕ ತಪ್ಪುತ್ತದೆ.

ಇಂಧನದ ಲೆಕ್ಕವೂ ಬೇಕು. ರಸ್ತೆಯ ಪೆಟ್ರೋಲಿನಲ್ಲಿ ಸೀಸ ಸೇರಿಸುವುದನ್ನು ನಮ್ಮ ದೇಶ 2000ದಲ್ಲಿ ನಿಲ್ಲಿಸಿತು. ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳ ಪೆಟ್ರೋಲಿನಲ್ಲಿ, ಅದಕ್ಕೆ 'ಎವಿಗ್ಯಾಸ್ 100 ಎಲ್‌ಎಲ್' ಎನ್ನುತ್ತಾರೆ, ಇವತ್ತಿಗೂ ಲೀಟರಿಗೆ 0.56 ಗ್ರಾಂವರೆಗೆ ಸೀಸ ಇರಬಹುದು. 2022ರಿಂದ ಗುಜರಾತಿನ ವಡೋದರದಲ್ಲಿ ಇದು ನಮ್ಮಲ್ಲೇ ತಯಾರಾಗುತ್ತಿದೆ. ಕ್ಯಾಲಿಫೋರ್ನಿಯಾದ ರೀಡ್-ಹಿಲ್‌ವ್ಯೂ ಎಂಬ ಸಣ್ಣ ನಿಲ್ದಾಣದ ಸುತ್ತಿನ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿರುವುದು 2021ರ ಅಧ್ಯಯನದಲ್ಲಿ ಕಂಡು, ಮುಂದಿನ ವರ್ಷ ಅಲ್ಲಿಯ ಆಡಳಿತ ಸೀಸದ ಇಂಧನ ಮಾರುವುದನ್ನೇ ನಿಲ್ಲಿಸಿತು. ಜೆಟ್ ಇಂಧನದಲ್ಲಿ ನಡೆಯುವ ಸಣ್ಣ ವಿಮಾನಗಳೂ ಇವೆ, ಅವುಗಳಲ್ಲಿ ಸೀಸದ ಮಾತಿಲ್ಲ. ನಮ್ಮಲ್ಲಿ ಯಾವುದು, ವರ್ಷಕ್ಕೆ ಎಷ್ಟು ಲೀಟರ್? ಒಂದು ಸಾಲಿನ ಉತ್ತರ, ವರದಿಯಲ್ಲಿ ಬರೆಯಲು ಕಷ್ಟವಿಲ್ಲ. ವಿಸ್ತರಣೆಗೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಕೆಲವು ಮಕ್ಕಳ ರಕ್ತ ಪರೀಕ್ಷೆ ಮಾಡಿಸಿಟ್ಟರೆ ಮುಂದೆ ಸುಮ್ಮನೆ ಹೆದರುವವರ ಬಾಯಿಯೂ ಮುಚ್ಚುತ್ತದೆ.

ಉಳಿದದ್ದನ್ನು ಓಡಿಸಿಕೊಂಡು ಹೇಳುತ್ತೇನೆ. ನಿಲ್ದಾಣದಿಂದ ಹತ್ತು ಕಿಲೋಮೀಟರ್ ಒಳಗೆ ಹಕ್ಕಿಗಳನ್ನು ಸೆಳೆಯುವಂತೆ ಬಯಲಲ್ಲಿ ಕಸ ಸುರಿಯುವುದು, ಪ್ರಾಣಿ ಕಡಿಯುವುದು ವಿಮಾನ ನಿಯಮಗಳ ಪ್ರಕಾರ ನಿಷಿದ್ಧ. ಸರಿಯಾದ ನಿಯಮವೇ. ಆದರೆ ಹಾರಾಟ ಹೆಚ್ಚಿದಂತೆ ಅದರ ಬಿಗಿಯೂ ಹೆಚ್ಚುತ್ತದೆ, ಸಂತೆಯಲ್ಲಿ ಮಾಂಸ ಮಾರುವವನಿಗೆ, ಕಸಕ್ಕೆ ಜಾಗವೇ ಇಲ್ಲದ ಪಂಚಾಯಿತಿಗೆ ಬೇರೆ ವ್ಯವಸ್ಥೆ ಯಾರ ಖರ್ಚಿನಲ್ಲಿ? ನಮ್ಮ ಜಿಲ್ಲೆಯ ಹೊಲಗಳಲ್ಲಿ ಓಡಾಡುವ ಚಿಗರಿ, ಅಂದರೆ ಕೃಷ್ಣಮೃಗ, ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ. ಗೋಡೆ ಉದ್ದವಾದರೆ ಅದು ಯಾರ ತೊಗರಿಗೆ ಬಾಯಿ ಹಾಕುತ್ತದೆ ಎಂಬುದೂ ಪರಿಣಾಮವೇ.

ಭೂಮಿಯ ಮಾತನ್ನು ಹಾಗೆ ಓಡಿಸಲಾಗದು. ಈಗಿರುವ ನಿಲ್ದಾಣಕ್ಕೇ ಸುಮಾರು 740 ಎಕರೆ ಹೋಗಿದೆ. ಇನ್ನು ಬೇಕೆಂದಾಗ ಪಹಣಿಯಲ್ಲಿ ಹೆಸರಿದ್ದವರಿಗೆ ನೋಟಿಸ್ ಬರುತ್ತದೆ. ಹೊಲವನ್ನು ಲಾವಣಿಗೆ (ಗುತ್ತಿಗೆಗೆ) ಮಾಡುವವರು, ಪಾಲಿಗೆ ಮಾಡುವವರು, ವರ್ಷಪೂರ್ತಿ ಅದೇ ಹೊಲದಲ್ಲಿ ಕಳೆ ತೆಗೆದು ರಾಶಿ ಮಾಡುವ ತಾಂಡಾದ ಹೆಣ್ಣುಮಕ್ಕಳು ಯಾವ ಪಹಣಿಯಲ್ಲಿದ್ದಾರೆ? 2013ರ ಭೂಸ್ವಾಧೀನ ಕಾಯ್ದೆ ಮೂರು ವರ್ಷದಿಂದ ಆ ಭೂಮಿಯ ಮೇಲೆ ಬದುಕುತ್ತಿರುವ ಕೂಲಿಕಾರರನ್ನೂ ಪಾಲುದಾರರನ್ನೂ ಬಾಧಿತ ಕುಟುಂಬವೆಂದು ಒಪ್ಪುತ್ತದೆ, ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ ಕೇಳುತ್ತದೆ. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ ದಾರಿ ಹಿಡಿದರೆ ಆ ಅಧ್ಯಯನದ ಗೊಡವೆ ಇಲ್ಲ. ಯಾವ ದಾರಿ ಎಂಬುದನ್ನು ಸರ್ಕಾರ ನಿರ್ಧರಿಸಲಿ. ಆದರೆ ಹೊಲದ ಮೇಲೆ ಯಾರು ಬದುಕುತ್ತಿದ್ದಾರೆ ಎಂಬ ಪಟ್ಟಿಯನ್ನು ದರ ಏರುವ ಮೊದಲು, ದಲ್ಲಾಳಿಗಳು ಬರುವ ಮೊದಲು ಮಾಡಿಟ್ಟುಕೊಂಡರೆ ಯಾವ ಕಾಯ್ದೆಯೂ ಬೇಡ ಅನ್ನುವುದಿಲ್ಲ. ಆಮೇಲೆ ಮಾಡಿದ ಪಟ್ಟಿಯಲ್ಲಿ ಯಾವ ಹೆಸರು ಇರುತ್ತವೆ, ಯಾವುವು ಬಿಟ್ಟುಹೋಗುತ್ತವೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು.

ಕೊನೆಯದಾಗಿ ಆಲಿಕೆ. ಅದರ ಅಧ್ಯಕ್ಷತೆ ನಿಮ್ಮದು ಅಥವಾ ನಿಮ್ಮ ಪ್ರತಿನಿಧಿಯದು. ಕನಿಷ್ಠ 30 ದಿನ ಮೊದಲು ನೋಟಿಸ್, ಒಂದು ರಾಷ್ಟ್ರೀಯ ಪತ್ರಿಕೆ, ಒಂದು ಪ್ರಾದೇಶಿಕ ಪತ್ರಿಕೆ. ಪತ್ರಿಕೆ ತಲುಪದ ಕಡೆ ಡಂಗುರ ಸಾರಬೇಕು, ರೇಡಿಯೋದಲ್ಲಿ ಹೇಳಬೇಕು ಎಂದು ಅದೇ 2006ರ ಅಧಿಸೂಚನೆಯಲ್ಲಿದೆ. ಕಲಬುರಗಿ ಆಕಾಶವಾಣಿ ನಿಮ್ಮ ಕಚೇರಿಯಿಂದ ದೂರವೇನಿಲ್ಲ, ಡಂಗುರ ಸಾರುವವನು ನಮ್ಮೂರಲ್ಲಿ ಇನ್ನೂ ಇದ್ದಾನೆ. ದಿನಾಂಕ ಇಡುವಾಗ ಮಾತ್ರ ನಮ್ಮ ಪಂಚಾಂಗ ನೋಡಿ. ದೀಪಾವಳಿ ಮುಗಿಯುತ್ತಲೇ ತಾಂಡಾದ ಅರ್ಧ ಜನ ಕಬ್ಬು ಕಡಿಯಲು, ಮುಂಬೈ ಪುಣೆಯ ಕಟ್ಟಡ ಕೆಲಸಕ್ಕೆ ಹೊರಟಿರುತ್ತಾರೆ. ಡಿಸೆಂಬರ್ ಜನವರಿಯಲ್ಲಿ ಉಳಿದವರು ತೊಗರಿ ರಾಶಿಯಲ್ಲಿರುತ್ತಾರೆ. ಆಲಿಕೆಗೆ ಇಷ್ಟೇ ಜನ ಇರಬೇಕೆಂಬ ಕೋರಂ ಕಾನೂನಿನಲ್ಲಿಲ್ಲ, ಖಾಲಿ ಕುರ್ಚಿಗಳ ಎದುರೂ ಅದು ಸಿಂಧು. ಉಗಾದಿ ಕಳೆದು, ಮುಂಗಾರು ಬಿತ್ತನೆಗೆ ಮೊದಲು ಇಟ್ಟರೆ ಊರು ತುಂಬಿರುತ್ತದೆ.

ಭಾಷೆಯ ಬಗ್ಗೆಯೂ ಹೇಳಬೇಕು. 2020ರಲ್ಲಿ ಇದೇ ಅಧಿಸೂಚನೆ ಬದಲಿಸುವ ಕರಡು ಬಂದಾಗ, ಅದನ್ನು ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಿಗೂ ತರಬೇಕೆಂದು ದಿಲ್ಲಿ ಹೈಕೋರ್ಟ್ ಹೇಳಬೇಕಾಯಿತು. ಕರಡಿಗೇ ಹೀಗಿದ್ದರೆ ವರದಿಗೆ? ಸಾರಾಂಶವನ್ನು ಕನ್ನಡದಲ್ಲಿ ಕೊಡುವುದು ಕಡ್ಡಾಯವಿದೆ, ಆದರೆ ನಾನು ಬೀಗರ ಊರಿನಲ್ಲಿ ಓದಿದ ಸಾರಾಂಶದ ಕನ್ನಡವನ್ನು ನನ್ನ ವಿದ್ಯಾರ್ಥಿ ಬರೆದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. 'ಋಣಾತ್ಮಕ ಪ್ರಭಾವಗಳ ಉಪಶಮನ ಕ್ರಮಗಳು' ಎಂದರೆ ಯಾರ ಹೊಲಕ್ಕೆ ಏನು ಮಾಡುತ್ತಾರೆ ಎಂದು ಯಾರಿಗೆ ತಿಳಿಯಬೇಕು? ಮಾತಾಡುವವರಿಗೂ ಲಂಬಾಣಿ, ಉರ್ದು, ತೆಲುಗಿನಲ್ಲಿ ಮಾತಾಡಲು ಬಿಡಿ, ಬರೆದುಕೊಳ್ಳುವವರನ್ನು ಕೂರಿಸಿ. ನಡಾವಳಿಯನ್ನು ಅದೇ ದಿನ ಸಭೆಗೆ ಓದಿ ಹೇಳಿ ಸಹಿ ಮಾಡಬೇಕು ಎಂದಿದೆ. ಬೀಗರ ಊರಿನಲ್ಲೂ ಓದಿದರು. ಆಗ ಊಟದ ಶಾಮಿಯಾನದಲ್ಲಿ ಬಡಿಸಲು ಶುರುವಾಗಿತ್ತು, ಕೇಳಿಸಿಕೊಂಡವರು ನಾಲ್ಕು ಜನ, ಅದರಲ್ಲಿ ಬಾವಿಯ ಮುತ್ಯಾ ಒಬ್ಬ. "ಮಾಸ್ತರ, ನನ್ನ ಬಾವಿ ಮಾತ ಬಂತೇನ್ರಿ ಅದ್ರಾಗ?" ಎಂದು ಕೇಳಿದ. ಬಂದಿತ್ತು. 'ಒಬ್ಬರು ಅಂತರ್ಜಲದ ಬಗ್ಗೆ ಪ್ರಸ್ತಾಪಿಸಿದರು' ಎಂದು ಬಂದಿತ್ತು. ನಮ್ಮಲ್ಲಿ ಊಟವನ್ನು ಓದಿದ ಮೇಲೆ ಹಾಕಿಸಿ.

ಇಷ್ಟೆಲ್ಲ ಮಾಡಿದರೆ ಯೋಜನೆ ತಡವಾಗುತ್ತದೆ ಎಂದು ಯಾರಾದರೂ ನಿಮ್ಮ ಕಿವಿಯಲ್ಲಿ ಹೇಳಬಹುದು. ಗೋವಾದ ಮೋಪಾ ನಿಲ್ದಾಣದ ಉದಾಹರಣೆ ಹೇಳಿ ಅವರಿಗೆ. ಅರ್ಜಿಯಲ್ಲಿ ಸುತ್ತಿನ ಪರಿಸರದ ಮಾಹಿತಿಯನ್ನು ಪೂರ್ತಿ ಕೊಡದೆ ಒಪ್ಪಿಗೆ ಪಡೆದಿದ್ದಕ್ಕೆ 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಒಪ್ಪಿಗೆಯನ್ನೇ ಅಮಾನತಿನಲ್ಲಿಟ್ಟು, ತಜ್ಞರ ಸಮಿತಿ ಮತ್ತೊಮ್ಮೆ ನೋಡಲಿ ಎಂದಿತು. ಅಮಾನತು ತೆರವಾಗಿದ್ದು 2020ರ ಜನವರಿಯಲ್ಲಿ. ಹತ್ತು ತಿಂಗಳು ಹೋಯಿತು. ನಾನು ಕೇಳುವ ಒಂದು ವರ್ಷದ ಅಳತೆ ಅದಕ್ಕಿಂತ ಎರಡೇ ತಿಂಗಳು ಹೆಚ್ಚು, ಈಗಲೇ ಶುರು ಮಾಡಿದರೆ ಕಡತ ಬರುವ ಮೊದಲೇ ಮುಗಿದಿರಬಹುದು.

ನಮ್ಮ ಕಡೆಯಿಂದಲೂ ಒಂದಿಷ್ಟು ಸಿದ್ಧತೆ ಇದೆ. ಆ ಆಲಿಕೆಯಿಂದ ಬಂದ ಮೇಲೆ ಶಾಲೆಯ ಅಂಗಳದಲ್ಲಿ ಒಂದು ಮಳೆ ಮಾಪಕ ಇಟ್ಟಿದ್ದೇವೆ. ಪ್ರತಿ ದಿನ ಬೆಳಗ್ಗೆ ಎಂಟೂವರೆಗೆ ಇಬ್ಬರು ಮಕ್ಕಳು ನೋಡಿ ಬರೆಯುತ್ತಾರೆ. ಊರಿನ ಐದು ಬಾವಿಗಳಿಗೆ ಅಮಾಸಿಗೊಮ್ಮೆ ಹಗ್ಗ ಇಳಿಸಿ ನೀರು ಎಷ್ಟು ಮಾರು ಕೆಳಗಿದೆ ಎಂದೂ ಬರೆಯುತ್ತಾರೆ. ಮಾರು ಎಂದರೆ ಯಾರ ಮಾರು ಎಂದು ಮೊದಲ ವರ್ಷ ಜಗಳವಾಗಿ ಈಗ ಮೀಟರಿಗೆ ಬಂದಿದ್ದೇವೆ. ಎರಡು ನೋಟ್‌ಬುಕ್ ತುಂಬಿ ಮೂರನೆಯದು ನಡೆದಿದೆ. ಕೆಲವು ದಿನ ಬಿಟ್ಟುಹೋಗಿವೆ, ಪರೀಕ್ಷೆ ಮತ್ತು ಜಾತ್ರೆಯ ದಿನಗಳವು, ಅಲ್ಲಿ ಊಹಿಸಿ ತುಂಬಿಲ್ಲ, ಖಾಲಿ ಬಿಟ್ಟಿದ್ದೇವೆ.

ನಿಮ್ಮ ಅಧಿಕಾರಿಗಳು ಅಳತೆಗೆ ಬಂದರೆ ಆ ನೋಟ್‌ಬುಕ್‌ಗಳನ್ನು ಕೊಡುತ್ತೇವೆ. ಝೆರಾಕ್ಸ್ ಮಾಡಿಸಿಕೊಂಡು ಮೂಲ ಪ್ರತಿಯನ್ನು ಅದೇ ದಿನ ವಾಪಸ್ ಕೊಡಬೇಕು. ಝೆರಾಕ್ಸ್ ಖರ್ಚು ಶಾಲೆಯದು.

ಇಂತಿ ನಿಮ್ಮವನೇ ಆದ,
ಸೇಡಂ ರಸ್ತೆಯ ಒಬ್ಬ ವಿಜ್ಞಾನ ಮಾಸ್ತರ